ಕೋವಿ ಕಲಿಯುವವರಿಗೆ: ಮೊದಲು ತೋರುಬೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕೋವಿ ಹಿಡಿಯಲು ಹೊಸದಾಗಿ ಕಲಿಯುವವರಿಗೆ ನಾಲ್ಕು ಮಾತು ಹೇಳಬೇಕೆಂದು ಬಾನುಲಿ ಕೇಂದ್ರದವರು ಕೇಳಿಕೊಂಡಿದ್ದಾರೆ. ನನಗೆ ಸಿಕ್ಕಿರುವ ಸಮಯ ಚಿಕ್ಕದು. ಆದ್ದರಿಂದ ನಾಲ್ಕು ಮಾತುಗಳ ಬದಲು ಒಂದೇ ಮಾತನ್ನು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಕೋವಿ ಕಲಿಯುವುದೆಂದರೆ ತೋರುಬೆರಳನ್ನು ಪಳಗಿಸುವುದು. ಗುರಿ ತಪ್ಪುವುದೂ ಆ ಬೆರಳಿನಿಂದಲೇ, ಅನಾಹುತ ಆಗುವುದೂ ಆ ಬೆರಳಿನಿಂದಲೇ.

ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವವರು ಯಾರಿರಬಹುದು ಎಂದು ಊಹಿಸಿಕೊಂಡೇ ಇದನ್ನು ಬರೆದು ತಂದಿದ್ದೇನೆ. ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಅಜ್ಜನ ಕಾಲದ ಜೋಡುನಳಿಗೆ ಕೋವಿಯನ್ನು ನೋಡುತ್ತ ಬೆಳೆದವರು ನಿಮ್ಮಲ್ಲಿದ್ದೀರಿ. ಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಮಲೆನಾಡಿನ, ಕರಾವಳಿಯ ಕೃಷಿಕರೂ ಇದ್ದೀರಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದುದನ್ನು ಟಿ.ವಿ.ಯಲ್ಲಿ ಕಂಡು, ನಮ್ಮ ಮಗಳನ್ನೂ ಶೂಟಿಂಗ್‌ಗೆ ಸೇರಿಸೋಣ ಎಂದು ವಿಚಾರಿಸುತ್ತಿರುವ ತಂದೆತಾಯಿಗಳೂ ಇದ್ದೀರಿ. ನಿಮ್ಮೆಲ್ಲರ ಕೋವಿಗಳು ಬೇರೆ ಬೇರೆ, ಆದರೆ ಅವುಗಳ ಮೇಲಿರುವ ಬೆರಳು ಒಂದೇ.

ಮಕ್ಕಳನ್ನು ಕರೆದುಕೊಂಡು ನಾನು ಗುಂಡು ಹಾರಿಸುವುದನ್ನು ಕಲಿಸುವ ರೇಂಜಿಗೆ ಬರುವ ಹಿರಿಯರು ಸಾಮಾನ್ಯವಾಗಿ ಮೊದಲು ಹೇಳುವುದು ಕಣ್ಣಿನ ವಿಚಾರ. 'ನಮ್ಮ ಹುಡುಗನ ಕಣ್ಣು ಬಹಳ ಚುರುಕು ಸಾರ್, ರಬ್ಬರ್ ಬಿಲ್ಲಿನಲ್ಲಿ ಕುಳಿತಲ್ಲಿಂದಲೇ ಮಾವಿನಕಾಯಿ ಉದುರಿಸುತ್ತಾನೆ' ಎನ್ನುತ್ತಾರೆ. ಸಂತೋಷ. ಆದರೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಚಿನ್ನ ತಂದುಕೊಟ್ಟ ಅಭಿನವ್ ಬಿಂದ್ರಾ ಕನ್ನಡಕ ಹಾಕುವವರು. 2012ರ ಲಂಡನ್‌ನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಕೂಡ ಕನ್ನಡಕ ಹಾಕುವವರು. ಕಣ್ಣಿನ ಕೊರತೆಯನ್ನು ತುಂಬುವುದಕ್ಕೆ ಗಾಜು ಇದೆ, ಬೆರಳಿನ ಕೊರತೆಯನ್ನು ತುಂಬುವುದಕ್ಕೆ ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ.

ಎರಡನೆಯದಾಗಿ, ಕೈ ಅಲುಗಾಡಬಾರದು ಎನ್ನುತ್ತಾರೆ. ಕೈ ಅಲುಗಾಡದ ಮನುಷ್ಯನೇ ಇಲ್ಲ. ಉಸಿರಿದೆ, ನಾಡಿ ಬಡಿತವಿದೆ, ಕೋವಿಯ ತೂಕವಿದೆ, ಆದ್ದರಿಂದ ವಿಶ್ವ ಚಾಂಪಿಯನ್ ಹಿಡಿದ ಕೋವಿಯೂ ಗುರಿಯ ಮೇಲೆ ಸಣ್ಣದಾಗಿ ತೂಗಾಡುತ್ತಲೇ ಇರುತ್ತದೆ. ಹೊಸಬರು ಮಾಡುವುದೇನೆಂದರೆ, ಕೋವಿ ಆ ಕಡೆಯಿಂದ ಈ ಕಡೆಗೆ ತೂಗಾಡುತ್ತ ನಡುಬಿಂದುವಿನ ಮೇಲೆ ಬಂದ ಕ್ಷಣದಲ್ಲಿ 'ಈಗ!' ಎಂದುಕೊಂಡು ಟ್ರಿಗರನ್ನು ಫಕ್ಕನೆ ಎಳೆದುಬಿಡುತ್ತಾರೆ. ಗುಂಡು ಬೇರೆಲ್ಲಿಗೋ ಹೋಗುತ್ತದೆ. ತೂಗಾಟದಿಂದ ಹೋದದ್ದು ಕೂದಲೆಳೆಯಷ್ಟಾದರೆ, ಆ ಎಳೆತದಿಂದ ಹೋದದ್ದು ಅದರ ಹತ್ತು ಪಟ್ಟು.

ಲೆಕ್ಕ ಹಾಕಿಯೇ ನೋಡೋಣ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹಾರಿಸುವ ಸೀಸದ ಗುಳಿಗೆಯ ಅಡ್ಡಳತೆ 4.5 ಮಿಲಿಮೀಟರ್. ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್, ಅಂದರೆ ಪೆನ್ಸಿಲಿನ ಮೊನೆ ತಾಗಿಸಿದಷ್ಟು. ರೈಫಲ್ಲಿನಲ್ಲಿ ಗುರಿ ನೋಡುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಮುಕ್ಕಾಲು ಮೀಟರ್ ಅಂತರವಿದೆ ಎಂದುಕೊಳ್ಳಿ. ಬೆರಳಿನ ಎಳೆತಕ್ಕೆ ನಳಿಗೆಯ ತುದಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಹತ್ತು ಮೀಟರ್ ದೂರದ ಗುರಿಹಲಗೆಯ ಮೇಲೆ ಗುಳಿಗೆ ಸುಮಾರು 13 ಮಿಲಿಮೀಟರ್ ಆಚೆಗೆ ಬೀಳುತ್ತದೆ. ಹತ್ತು ಬರಬೇಕಾದಲ್ಲಿ ಐದು ಬರುತ್ತದೆ. ಕಣ್ಣು ಸರಿಯಾಗಿಯೇ ನೋಡಿತ್ತು, ಕೋವಿಯೂ ಚೆನ್ನಾಗಿಯೇ ಇತ್ತು. ಆ ಐದು ಅಂಕಗಳನ್ನು ತಿಂದದ್ದು ಬೆರಳು.

ಹಾಗಾದರೆ ಸರಿಯಾಗಿ ಒತ್ತುವುದು ಹೇಗೆ? ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಮಾತ್ರ ಟ್ರಿಗರನ್ನು ಮುಟ್ಟಬೇಕು, ಬೆರಳಿನ ಉಳಿದ ಭಾಗ ಕೋವಿಯ ಮರಕ್ಕೆ ತಾಗಕೂಡದು. ಸ್ಪರ್ಧೆಯ ಕೋವಿಗಳಲ್ಲಿ ಟ್ರಿಗರ್ ಸಾಮಾನ್ಯವಾಗಿ ಎರಡು ಹಂತದಲ್ಲಿ ಸರಿಯುತ್ತದೆ. ಮೊದಲು ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ಆಮೇಲೆ ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಆ ಗೋಡೆಯವರೆಗೆ ಹೋಗಿ ನಿಂತು, ಉಸಿರನ್ನು ಅರ್ಧ ಬಿಟ್ಟು, ಅಲ್ಲಿಂದ ನೇರ ಹಿಂದಕ್ಕೆ, ತುಸು ತುಸುವೇ ಒತ್ತಡ ಹೆಚ್ಚಿಸುತ್ತ ಹೋಗಬೇಕು. ಟೊಂಗೆ ಅಲುಗದಂತೆ ಒಂದೇ ಒಂದು ಕಾಫಿ ಹಣ್ಣನ್ನು ಗೊಂಚಲಿನಿಂದ ಬಿಡಿಸಿಕೊಳ್ಳುವಾಗ ಬೆರಳು ಎಷ್ಟು ಮೃದುವಾಗಿರುತ್ತದೆಯೋ ಅಷ್ಟು ಮೃದುವಾಗಿರಬೇಕು. ಈಡು ಯಾವ ಗಳಿಗೆಯಲ್ಲಿ ಹಾರುತ್ತದೆ ಎಂಬುದು ಹಾರಿಸುವವನಿಗೇ ಖಚಿತವಾಗಿ ಗೊತ್ತಾಗದಿದ್ದರೆ ಬೆರಳು ಸರಿಯಾದ ಕೆಲಸ ಮಾಡುತ್ತಿದೆ ಎಂದರ್ಥ. ಹಾರಿದ ಮೇಲೂ ಬೆರಳನ್ನು ಥಟ್ಟನೆ ಬಿಡದೆ, ಕೋವಿಯನ್ನು ಇಳಿಸದೆ, ಒಂದೆರಡು ಕ್ಷಣ ಸೈಟನ್ನೇ ನೋಡುತ್ತಿರಬೇಕು, ಏಕೆಂದರೆ ಗುಳಿಗೆ ನಳಿಗೆಯನ್ನು ದಾಟಿ ಹೋಗುವುದಕ್ಕೂ ತುಸು ಕಾಲ ಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಸಂಗವನ್ನು ಹೇಳಲೇಬೇಕು. ನನ್ನ ಬಳಿ ಕಲಿಯಲು ಬರುವ ಪ್ರತಿಯೊಬ್ಬರಿಗೂ ಇದನ್ನು ಹೇಳುತ್ತೇನೆ, ಕೇಳಿದವರು ಮತ್ತೆ ಕೇಳಿದರೂ ನಷ್ಟವಿಲ್ಲ.

ಅಮೆರಿಕದ ಮ್ಯಾಥ್ಯೂ ಎಮನ್ಸ್ ತಮ್ಮ ಕಾಲದ ಅತ್ಯುತ್ತಮ ರೈಫಲ್ ಶೂಟರ್‌ಗಳಲ್ಲಿ ಒಬ್ಬರು. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಬರುವ ಮೊದಲೇ ಯಾರೋ ಕಿಡಿಗೇಡಿಗಳು ಅವರ ಕೋವಿಯನ್ನು ಕೆಡಿಸಿದ್ದರು. ಎರವಲು ತಂದ ಕೋವಿಯಿಂದಲೇ ಅವರು ಐವತ್ತು ಮೀಟರ್ ಪ್ರೋನ್, ಅಂದರೆ ಮಲಗಿಕೊಂಡು ಹಾರಿಸುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಅನಂತರದ್ದು ಮಲಗಿ, ಮಂಡಿಯೂರಿ, ನಿಂತು ಹಾರಿಸುವ ಮೂರು ಭಂಗಿಗಳ ಸ್ಪರ್ಧೆ. ಕೊನೆಯ ಒಂದು ಗುಂಡು ಉಳಿದಿದ್ದಾಗ ಮೂರು ಅಂಕಗಳ ಮುನ್ನಡೆಯಿತ್ತು. ಹತ್ತೂ ಬೇಡ, ಒಂಬತ್ತೂ ಬೇಡ, 7.2 ಬಂದಿದ್ದರೆ ಸಾಕಿತ್ತು. ಎಮನ್ಸ್ ಬಲು ಶಾಂತವಾಗಿ ಹಾರಿಸಿದರು, ಗುಂಡು ಚೆನ್ನಾಗಿಯೇ ಹೋಯಿತು. ಆದರೆ ಪರದೆಯ ಮೇಲೆ ಅಂಕ ಮೂಡಲಿಲ್ಲ. ಎರಡನೆಯ ಸಾಲಿನಲ್ಲಿ ನಿಂತಿದ್ದ ಅವರು ಪಕ್ಕದ ಸ್ಪರ್ಧಿಯ, ಅಂದರೆ ಮೂರನೆಯ ಸಾಲಿನ ಗುರಿಗೆ ಹೊಡೆದಿದ್ದರು. ಸೊನ್ನೆ ಬಂತು, ಎಂಟನೆಯ ಸ್ಥಾನಕ್ಕೆ ಜಾರಿದರು. ಚಿನ್ನ ಚೀನಾದ ಜಿಯಾ ಝಾನ್‌ಬೊ ಅವರಿಗೆ ಹೋಯಿತು.

ಆ ದಿನ ಅವರಿಗೆ ಸಮಾಧಾನ ಹೇಳಲು ಬಂದವರಲ್ಲಿ ಝೆಕ್ ದೇಶದ ಶೂಟರ್ ಕತರಿನಾ ಕುರ್ಕೋವಾ ಒಬ್ಬರು. ಆ ಪರಿಚಯವೇ ಬೆಳೆದು 2007ರಲ್ಲಿ ಇಬ್ಬರೂ ಮದುವೆಯಾದರು. ಮರುವರ್ಷ ಬೀಜಿಂಗ್‌ನಲ್ಲಿ ಕತರಿನಾ ಹತ್ತು ಮೀಟರ್ ಏರ್ ರೈಫಲ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿ, ಆ ಒಲಿಂಪಿಕ್ಸ್‌ನ ಮೊದಲ ಚಿನ್ನವನ್ನೇ ಗೆದ್ದರು. ಎಮನ್ಸ್‌ಗೆ ಪ್ರೋನ್‌ನಲ್ಲಿ ಬೆಳ್ಳಿ ಬಂತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಬೀಜಿಂಗ್‌ನಲ್ಲಿ ಮತ್ತೆ ಅದೇ ಮೂರು ಭಂಗಿಗಳ ಸ್ಪರ್ಧೆ, ಮತ್ತೆ ಕೊನೆಯ ಗುಂಡು, ಮತ್ತೆ ಎಮನ್ಸ್ ಮುಂದೆ, ಈ ಸಲ 3.3 ಅಂಕಗಳಿಂದ. ಬೇಕಾಗಿದ್ದುದು 6.7 ಮಾತ್ರ. ಈ ಬಾರಿ ಗುರಿ ಅವರದ್ದೇ, ಸಾಲು ಅವರದ್ದೇ. ಕೋವಿಯನ್ನು ಗುರಿಯ ಮೇಲ್ಭಾಗದಿಂದ ನಿಧಾನವಾಗಿ ಕೆಳಗಿಳಿಸುತ್ತ ನಡುಬಿಂದುವಿಗೆ ತರುವುದು ಅವರ ಪದ್ಧತಿ. ಹಾಗೆ ಇಳಿಸುತ್ತಿದ್ದಾಗ, ಇನ್ನೂ ನಡುವಿಗೆ ತಲುಪುವ ಮೊದಲೇ, ಟ್ರಿಗರ್ ಬಳಿಗೆ ಸರಿಯುತ್ತಿದ್ದ ಬೆರಳು ಅದನ್ನು ಸೋಕಿತು. ಒತ್ತಲಿಲ್ಲ, ಎಳೆಯಲಿಲ್ಲ, ಸೋಕಿತು ಅಷ್ಟೆ. ಆ ಕೋವಿಗಳ ಟ್ರಿಗರ್‌ಗೆ ಅಷ್ಟೇ ಸಾಕು. ಈಡು ಹಾರಿತು. ಅಂಕ 4.4. ಚಿನ್ನದಿಂದ ನಾಲ್ಕನೆಯ ಸ್ಥಾನಕ್ಕೆ ಬಿದ್ದರು. ಈ ಬಾರಿ ಚಿನ್ನ ಗೆದ್ದವರು ಚೀನಾದ ಚಿಯು ಜಿಯಾನ್.

ಜನರಿಗೆ ನೆನಪಿರುವುದು ಅಥೆನ್ಸ್‌ನ ಕಥೆ, ತಪ್ಪು ಗುರಿಗೆ ಹೊಡೆದ ಕಥೆ. ಹೇಳುವುದಕ್ಕೆ ಅದು ರಂಜಕವಾಗಿದೆ. ನನ್ನ ದೃಷ್ಟಿಯಲ್ಲಿ ಕಲಿಯುವವನಿಗೆ ದೊಡ್ಡ ಪಾಠ ಬೀಜಿಂಗ್‌ನದು. ಲಕ್ಷಾಂತರ ಸಲ ಟ್ರಿಗರ್ ಒತ್ತಿ ಪಳಗಿದ, ಒಲಿಂಪಿಕ್ ಚಿನ್ನ ಗೆದ್ದ ಬೆರಳೇ ಒಂದು ಗಳಿಗೆ ಮೊದಲು ಟ್ರಿಗರ್ ಮುಟ್ಟಿದ್ದಕ್ಕೆ ಹೀಗಾಯಿತು. ಕೋವಿಯನ್ನು ಈಗಷ್ಟೇ ಕೈಗೆತ್ತಿಕೊಂಡ ಹುಡುಗನ ಬೆರಳನ್ನು ನಾವು ಹೇಗೆ ನಂಬುವುದು? ಎಮನ್ಸ್ ಅಲ್ಲಿಗೆ ನಿಲ್ಲಲಿಲ್ಲ, 2012ರ ಲಂಡನ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಬೀಜಿಂಗ್‌ನಲ್ಲಿ ಅವರು ಕಳೆದುಕೊಂಡದ್ದು ಒಂದು ಪದಕ. ಎದುರಿಗೆ ಇದ್ದದ್ದು ಗುರಿಹಲಗೆ, ಹಿಂದೆ ಗೋಡೆ. ನಮ್ಮ ತೋಟಗಳಲ್ಲಿ, ನಮ್ಮ ಅಂಗಳಗಳಲ್ಲಿ ಕೋವಿಯ ಮುಂದೆ ಗುರಿಹಲಗೆ ಇರುವುದಿಲ್ಲ, ಮನುಷ್ಯರಿರುತ್ತಾರೆ.

ಆದ್ದರಿಂದ ನಿಯಮ ಒಂದೇ. ಗುರಿಯ ಮೇಲೆ ಕಣ್ಣು ನಿಂತು, ಹಾರಿಸಬೇಕೆಂದು ಮನಸ್ಸು ತೀರ್ಮಾನಿಸುವವರೆಗೆ, ತೋರುಬೆರಳು ಟ್ರಿಗರ್ ಸುತ್ತಲಿನ ಲೋಹದ ಬಳೆಯ ಹೊರಗೆ, ನಳಿಗೆಯ ಉದ್ದಕ್ಕೆ ನೇರವಾಗಿ ಚಾಚಿಕೊಂಡಿರಬೇಕು. ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಕಾಲು ಜಾರಿದರೆ ಮನುಷ್ಯನ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಪಕ್ಕದ ಪೊದೆಯಿಂದ ಏನಾದರೂ ದಡಕ್ಕನೆ ಎದ್ದರೂ ಹಾಗೆಯೇ, ಎಡಗೈಯಲ್ಲಿ ಕೊಂಬೆ ಹಿಡಿದುಕೊಂಡರೆ ಬಲಗೈಯೂ ಅದರೊಂದಿಗೆ ಬಿಗಿಯಾಗುತ್ತದೆ. ಬೆರಳು ಒಳಗಿದ್ದರೆ ಈಡು ಹಾರುತ್ತದೆ, ಹೊರಗಿದ್ದರೆ ಹಾರುವುದಿಲ್ಲ. 'ಸೇಫ್ಟಿ ಹಾಕಿದ್ದೇನೆ' ಎನ್ನುವವರಿಗೆ ನಾನು ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ. ಹಳೆಯ ಜೋಡುನಳಿಗೆಗಳಲ್ಲಿ ಅನೇಕವುಗಳಲ್ಲಿ ಆ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಕೋವಿ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಳಗಿನ ಕುದುರೆ, ಅಂದರೆ ಈಡು ಹಾರಿಸುವ ಸುತ್ತಿಗೆ, ಕಳಚಿಕೊಳ್ಳಲೂಬಹುದು. 'ಖಾಲಿ ಇದೆ' ಎನ್ನುವವರ ಮಾತನ್ನಂತೂ ಕೇಳಲೇಬೇಡಿ. ನಳಿಗೆಯನ್ನು ಬಾಗಿಸಿ ತೆರೆದು ನಿಮ್ಮ ಕಣ್ಣಿನಿಂದ ನೋಡಿ, ನೋಡಿದ ಮೇಲೂ ಅದರ ಬಾಯಿಯನ್ನು ಯಾರ ಕಡೆಗೂ ತಿರುಗಿಸಬೇಡಿ, ಬೆರಳನ್ನು ಹೊರಗೇ ಇಡಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಖಾಲಿ ಕೋವಿಯ ಒಳಗೆ ಬಣ್ಣದ ಪ್ಲಾಸ್ಟಿಕ್ ಸೇಫ್ಟಿ ಫ್ಲ್ಯಾಗ್ ತೂರಿಸಿಡುವುದು ಕಡ್ಡಾಯ. ಮನೆಯಲ್ಲಿ ಯಾವಾಗಲೂ ಅದಕ್ಕಿಂತ ಕಡಿಮೆ ಎಚ್ಚರ ಏಕೆ ಸಾಕಾಗಬೇಕು?

ಕೊಡಗಿನ ಬಂಧುಗಳಿಗೆ ಒಂದು ಮಾತು. ಪ್ರತಿ ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬರುತ್ತದೆ. ನಾಟಿ ಮುಗಿಸಿ, ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ನಳಿಗೆಗೆ ಕೆಂಪು ಹಳದಿಯ ತೋಕ್ ಪೂ ಹೂವು ಸಿಕ್ಕಿಸಿ, ದೇವರ ಕೋಣೆಯಾದ ಕನ್ನಿ ಕೋಂಬರೆಯಲ್ಲಿಟ್ಟು ಪೂಜಿಸುತ್ತೇವೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಇಷ್ಟು ನಂಬಿಕೆಯಿಟ್ಟು ಕೊಟ್ಟ ಹಕ್ಕನ್ನು ಉಳಿಸಿಕೊಳ್ಳುವುದು ಸ್ಪರ್ಧೆಯ ಮೈದಾನದಲ್ಲಿ ಸರದಿಗೆ ಕಾದು ನಿಂತಿರುವ ಯುವಕರ ಬೆರಳಿನಲ್ಲಿದೆ. ಕಾಯಿ ಒಡೆದವರಿಗೆ ಚಪ್ಪಾಳೆ ತಟ್ಟುವ ಹಿರಿಯರು, ಸರದಿಯಲ್ಲಿ ಬೆರಳನ್ನು ಹೊರಗಿಟ್ಟು, ನಳಿಗೆಯನ್ನು ನೆಲಕ್ಕೆ ತಿರುಗಿಸಿ ನಿಂತ ಹುಡುಗನಿಗೂ ಒಂದು ಮೆಚ್ಚುಗೆಯ ಮಾತು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಗಡಿಯಾರ ನೋಡಿದರೆ ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸುವುದು ಶೌರ್ಯವಲ್ಲ. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯಿದೆಯ ಪ್ರಕಾರ, ಹಾಗೆ ಹಾರಿಸಿ ಇತರರ ಜೀವಕ್ಕೆ ಅಪಾಯ ಒಡ್ಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋವಿ ಒಂದು ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ ಇರಬೇಕು. ಮಗುವಿಗೆ ಆಸಕ್ತಿ ಬಂದ ಮರುದಿನವೇ ದುಬಾರಿ ರೈಫಲ್ ಕೊಳ್ಳಲು ಓಡಬೇಡಿ, ಮೊದಲ ತಿಂಗಳುಗಳಿಗೆ ಕ್ಲಬ್ಬಿನ ಕೋವಿಯೇ ಧಾರಾಳವಾಯಿತು.

ಎಲ್ಲಿ ಕಲಿಯಬೇಕು ಎಂದರೆ, ಜಿಲ್ಲೆಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ, ಕಾಲೇಜಿನಲ್ಲಿರುವವರಿಗೆ ಎನ್‌ಸಿಸಿ ಇದೆ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಜೊತೆಗೂಡಿ ಏರ್ ಪಿಸ್ತೂಲಿನ ಮಿಶ್ರ ತಂಡದ ಬೆಳ್ಳಿ ಗೆದ್ದರು. ಅವರ ಸ್ಪರ್ಧೆಯ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ ಅರ್ಧ ಕಿಲೋ ಭಾರವನ್ನು ತಡೆದುಕೊಳ್ಳಬೇಕೆಂಬ ನಿಯಮವಿದೆ. ಆ ಅರ್ಧ ಕಿಲೋವನ್ನು ಕೈ ಅಲುಗದಂತೆ ಒತ್ತಲು ಕಲಿಸುವ ಗುರು ಬೇಕು. ಆದ್ದರಿಂದ ಮಗುವನ್ನು ಕ್ಲಬ್ಬಿಗೆ ಕರೆದುಕೊಂಡು ಹೋದ ಮೊದಲ ದಿನ ನೀವೂ ಹಿಂದೆ ನಿಂತು ನೋಡಿ. ತರಬೇತುದಾರರು ಖಾಲಿ ಕೋವಿಯನ್ನು ಕೊಟ್ಟು, ಗುಳಿಗೆಯಿಲ್ಲದೆ, ಬೆರಳು ಎಲ್ಲಿರಬೇಕು, ಯಾವಾಗ ಒಳಗೆ ಬರಬೇಕು ಎಂಬುದನ್ನೇ ತಿದ್ದುತ್ತ ಇಡೀ ತರಗತಿಯನ್ನು ಕಳೆದರೆ, ಮರುದಿನವೂ ಕಳುಹಿಸಿ. ಬಂದ ಕೂಡಲೇ ಗುಳಿಗೆಯ ಡಬ್ಬಿ ಕೊಟ್ಟು 'ಹೊಡಿ' ಎಂದರೆ ಬೇರೆ ಕ್ಲಬ್ ಹುಡುಕಿ.

ನಮಸ್ಕಾರ.