ವಿಮಾನ ನಿಂತರೂ ಎಂಜಿನಿಯರ್ ಕೈ ನಿಲ್ಲಬಾರದು

ಎಲ್ಲರಿಗೂ ನಮಸ್ಕಾರ. ನೈಟ್ ಶಿಫ್ಟ್ ಮುಗಿಸಿ ದೇವನಹಳ್ಳಿಯಿಂದ ನೇರ ಇಲ್ಲಿಗೇ ಬಂದವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಿದ್ದೆ ಬಂದರೆ ಮಲಗಿ, ನನಗೇನೂ ಬೇಜಾರಿಲ್ಲ. ಎಎಂಇ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರಿಂಗ್, ಓದುತ್ತಿರುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಮಾತ್ರ ದಯವಿಟ್ಟು ಎದ್ದಿರಿ. ಇವತ್ತಿನ ಮಾತು ಜಾಸ್ತಿ ನಿಮಗೇ.

ಇವತ್ತು ಮೇ 24. ಬೆಂಗಳೂರಿನವರಿಗೆ ಇದು 2008ರಲ್ಲಿ ಎಚ್‌ಎಎಲ್ ಬಿಟ್ಟು ಹೊಸ ಏರ್‌ಪೋರ್ಟ್‌ಗೆ ಹೋದ ದಿನ. ನಮ್ಮ ಕಸುಬಿನವರಿಗೆ ಚಾರ್ಲ್ಸ್ ಟೇಲರ್ ಹುಟ್ಟಿದ ದಿನ. ಟೇಲರ್ ಕಥೆ ಶುರು ಮಾಡಿದರೆ ನಾನು ಬೇಗ ನಿಲ್ಲಿಸಲ್ಲ ಅಂತ ಇಲ್ಲಿ ತುಂಬಾ ಜನಕ್ಕೆ ಗೊತ್ತು. ಆದರೂ ಹೇಳುತ್ತೇನೆ. ಮಕ್ಕಳು ಕೇಳಿಲ್ಲ ಅಲ್ವಾ.

ರೈಟ್ ಸಹೋದರರ ಹತ್ತಿರ ವಿಮಾನದ ಲೆಕ್ಕಾಚಾರ ಇತ್ತು, ಎಂಜಿನ್ ಇರಲಿಲ್ಲ. ಯಾವ ಕಂಪನಿಯೂ ಅಷ್ಟು ಹಗುರದ ಎಂಜಿನ್ ಮಾಡಿಕೊಡಲು ಒಪ್ಪಲಿಲ್ಲ. ಅವರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಟೇಲರ್. ಸರಿಯಾದ ಡ್ರಾಯಿಂಗ್ ಇಲ್ಲ. ಒಂದೊಂದು ಭಾಗವನ್ನು ಚೂರು ಕಾಗದದ ಮೇಲೆ ಗೀಚಿ, ಅದನ್ನು ಬೆಂಚಿನ ಮೇಲೆ ಸಿಕ್ಕಿಸಿಕೊಂಡು ಕೆಲಸ. ಮಷೀನು ಅಂದರೆ ಒಂದು ಲೇತು, ಒಂದು ಡ್ರಿಲ್ಲು. ಕ್ರ್ಯಾಂಕ್‌ಶಾಫ್ಟ್, ಅಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ, ಹೇಗೆ ಮಾಡಿದ ಗೊತ್ತಾ? 31 ಇಂಚು ಉದ್ದ, 6 ಇಂಚು ಅಗಲದ ದಪ್ಪ ಉಕ್ಕಿನ ಪಟ್ಟಿ. ಅದರ ಮೇಲೆ ಆಕಾರ ಬರೆದ. ಗೆರೆಯ ಉದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದ. ಉಳಿ, ಸುತ್ತಿಗೆ ತಗೊಂಡು ಬೇಡದ ಉಕ್ಕನ್ನು ಹೊಡೆದು ಬೀಳಿಸಿದ. ಆಮೇಲೆ ಲೇತಿಗೆ ಹಾಕಿ ತಿರುಗಿಸಿದ. ಆರು ವಾರದಲ್ಲಿ ನಾಲ್ಕು ಸಿಲಿಂಡರಿನ, 12 ಹಾರ್ಸ್‌ಪವರಿನ ಎಂಜಿನ್ ರೆಡಿ. ಟೆಸ್ಟ್ ಮಾಡುವಾಗ ಅಲ್ಯೂಮಿನಿಯಂ ಬಾಡಿ ಒಡೆಯಿತು. ಇನ್ನೊಂದು ಎರಕ ಹೊಯ್ಸಿದರು. 1903ರ ಡಿಸೆಂಬರ್ 17ರಂದು ಹಾರಿದ್ದು ಅದೇ ಎಂಜಿನ್.

ಇಷ್ಟು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳಲ್ಲ. ಅಮೆರಿಕದಲ್ಲಿ ಮಹಾಕುಸಿತ ಬಂತು. ಟೇಲರ್ ಕೂಡಿಟ್ಟ ದುಡ್ಡು ಜಮೀನಿಗೆ ಹಾಕಿ ಕಳೆದುಕೊಂಡಿದ್ದ, ಕೆಲಸವೂ ಹೋಗಿತ್ತು. ಲಾಸ್ ಏಂಜಲೀಸ್‌ನ ಒಂದು ವಿಮಾನ ಕಾರ್ಖಾನೆಯಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಸೇರಿಕೊಂಡ. ಮೊದಲ ವಿಮಾನದ ಎಂಜಿನ್ ಮಾಡಿದ್ದು ಈ ಮನುಷ್ಯನೇ ಅಂತ ಪಕ್ಕದ ಬೆಂಚಿನವನಿಗೂ ಗೊತ್ತಿರಲಿಲ್ಲ. ರೈಟ್ ಸಹೋದರರ ಹಳೇ ಸೈಕಲ್ ಅಂಗಡಿಯನ್ನು ಮೊದಲಿನ ಹಾಗೇ ಮತ್ತೆ ಕಟ್ಟಬೇಕು ಅಂತ ಹೆನ್ರಿ ಫೋರ್ಡ್ ಜನ ಬಿಟ್ಟು ಹುಡುಕಿಸಿದಾಗಲೇ ವಿಷಯ ಹೊರಗೆ ಬಂದದ್ದು. 1955ರಲ್ಲಿ ಅವನು ಮತ್ತೆ ಸಿಕ್ಕಿದ್ದು ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ. ವಿಮಾನ ಉದ್ಯಮದವರು ಚಂದಾ ಎತ್ತಿ ಒಳ್ಳೆಯ ಕಡೆ ಸೇರಿಸಿದರು. ಮುಂದಿನ ಜನವರಿಯಲ್ಲಿ ತೀರಿಕೊಂಡ. ಈಗ ಅಮೆರಿಕ ಸರ್ಕಾರ ಅವನ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ. ಬದುಕಿದ್ದಾಗ ಬೇಕಾಗಿದ್ದದ್ದು ಕೆಲಸ.

ನಮ್ಮ ಕಡೆಗೆ ಬರೋಣ. ಬೆಳಗಿನ ಜಾವ ಐದೂವರೆಗೆ ಫ್ಲೈಟು. ಮೂರು ಗಂಟೆಗೆ ಒಬ್ಬರು ಟಾರ್ಚ್ ಹಿಡಿದು, ಚಕ್ರ ಮಡಚಿ ಕೂರುವ ವೀಲ್ ವೆಲ್ ಒಳಗೆ ತಲೆ ಹಾಕಿರುತ್ತಾರೆ. ಟೈರಿನಲ್ಲಿ ಕಟ್ ಇದೆಯಾ, ಬ್ರೇಕ್ ಪಿನ್ ಎಷ್ಟು ಸವೆದಿದೆ, ಹೈಡ್ರಾಲಿಕ್ ಸೋರಿದ ಗುರುತು ಇದೆಯಾ. ಹಿಂದಿನ ಪೈಲಟ್ ಬರೆದಿಟ್ಟ ಸ್ನ್ಯಾಗ್, ಅಂದರೆ ದೋಷ, ಸರಿ ಮಾಡಿ, ಟೆಕ್ ಲಾಗ್ ಅನ್ನುವ ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ, ಲೈಸೆನ್ಸ್ ನಂಬರ್ ಬರೆಯಬೇಕು. ಆ ಸಹಿ ಬೀಳದೆ ವಿಮಾನ ಹೊರಡುವ ಹಾಗಿಲ್ಲ. ನಾಳೆ ಏನಾದರೂ ಆದರೆ ಮೊದಲು ಸೀಲ್ ಆಗುವುದು ಅದೇ ಪುಸ್ತಕ. ಸಹಿ ಹಾಕಿದವರು ಕೆಲಸ ಬಿಟ್ಟು ಎಷ್ಟು ವರ್ಷ ಆಗಿದ್ದರೂ ಕರೆಸುತ್ತಾರೆ. ಜವಾಬ್ದಾರಿ ಇಷ್ಟು ಸ್ವಂತದ್ದು. ಕೆಲಸ ಮಾತ್ರ ಯಾರದ್ದೋ ಕೈಯಲ್ಲಿ.

2012ರ ಅಕ್ಟೋಬರ್ ನೆನಪಿದೆಯಲ್ಲ. ಕಿಂಗ್‌ಫಿಷರ್. ತಿಂಗಳುಗಟ್ಟಲೆ ಸಂಬಳ ಇಲ್ಲ. ಎಂಜಿನಿಯರುಗಳು ಸಹಿ ಹಾಕಲ್ಲ ಅಂತ ನಿಂತರು. ಇಡೀ ಏರ್‌ಲೈನ್ ನಿಂತಿತು. ಅದೇ ತಿಂಗಳು 20ಕ್ಕೆ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅದರ ಲೈಸೆನ್ಸ್ ಅಮಾನತು ಮಾಡಿತು. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಅಲ್ಲಂತೂ ಎಂಜಿನ್ ಸಿಗದೆ ಅರ್ಧದಷ್ಟು ವಿಮಾನ ಮೊದಲೇ ನೆಲ ಹಿಡಿದಿದ್ದವು. ನಮ್ಮವರ ತಪ್ಪೇನೂ ಇರಲಿಲ್ಲ.

ಈಗ ನನ್ನ ಮುಖ್ಯ ಮಾತು. ಕಾರ್ ಮೆಕ್ಯಾನಿಕ್ ಮಾರುತಿ ಬಿಟ್ಟು ಹ್ಯುಂಡೈಗೆ ಕೈ ಹಾಕಿದರೆ ಯಾರೂ ಕೇಳಲ್ಲ. ನಮಗೆ ಹಾಗಿಲ್ಲ. ಲೈಸೆನ್ಸ್ ಮೇಲೆ ಯಾವ ಟೈಪ್, ಅಂದರೆ ಯಾವ ಮಾದರಿಯ ವಿಮಾನ, ನಮೂದಾಗಿದೆಯೋ ಅದಕ್ಕೆ ಮಾತ್ರ ಸಹಿ. ಜೆಟ್ ನಿಂತಾಗ ಲೈಸೆನ್ಸಿನಲ್ಲಿ ಬೋಯಿಂಗ್ 737 ಇದ್ದವರಿಗೆ ಸ್ಪೈಸ್‌ಜೆಟ್ ಬಾಗಿಲು ಇತ್ತು. ಕಿಂಗ್‌ಫಿಷರ್ ನಿಂತಾಗ ಏರ್‌ಬಸ್ ಎ320 ಇದ್ದವರನ್ನು ತಗೊಳ್ಳಲು ಇಂಡಿಗೋ ಇತ್ತು. ಎಟಿಆರ್ ಅನ್ನುವ ಚಿಕ್ಕ ಪ್ರೊಪೆಲ್ಲರ್ ವಿಮಾನ ಒಂದೇ ಇದ್ದವರು? ಇಂಡಿಗೋ ಎಟಿಆರ್ ಹಾರಿಸಲು ಶುರು ಮಾಡಿದ್ದೇ 2017ರ ಕೊನೆಗೆ.

ಇದರ ಮೇಲೆ ಇನ್ನೊಂದು ನಿಯಮ. ಹಿಂದಿನ ಎರಡು ವರ್ಷದಲ್ಲಿ ಆರು ತಿಂಗಳಾದರೂ ಕೈಯಾರೆ ಕೆಲಸ ಮಾಡಿರಬೇಕು. ಇಲ್ಲದಿದ್ದರೆ ಲೈಸೆನ್ಸ್ ಜೇಬಲ್ಲಿದ್ದರೂ ಸಹಿ ಹಾಕುವಂತಿಲ್ಲ. ಈ ನಿಯಮ ಸರಿಯಾಗಿಯೇ ಇದೆ, ನಾನು ಅದರ ವಿರುದ್ಧ ಇಲ್ಲ. ಅಭ್ಯಾಸ ಬಿಟ್ಟವರು ವಿಮಾನವನ್ನು ಹಾರಲು ಬಿಡಬಾರದು. ಆದರೆ ಅದು ಏನು ಮಾಡುತ್ತದೆ ನೋಡಿ.

ನನ್ನ ಜೊತೆ ಇದ್ದವನೊಬ್ಬ. ಅವನ ಹೆಸರೂ ಬೇಡ, ಕಂಪನಿ ಹೆಸರೂ ಬೇಡ. ಒಳ್ಳೆಯ ಕೆಲಸಗಾರ. ಬೋಲ್ಟ್ ಸಡಿಲವಾಗದ ಹಾಗೆ ಅವನು ಹಾಕಿದ ಲಾಕ್‌ವೈರ್ ನೋಡಿದರೇ ಅವನದ್ದು ಅಂತ ಗೊತ್ತಾಗುತ್ತಿತ್ತು, ಅಷ್ಟು ಸಮವಾದ ಹುರಿ. ಕಂಪನಿ ನಿಂತಿತು. "ಇನ್ನೇನು ಶುರುವಾಗುತ್ತೆ" ಅಂತ ಮೀಟಿಂಗ್ ಕರೆದು ಹೇಳಿದರು. ಬಾಕಿ ಸಂಬಳ ಬರಬೇಕಿತ್ತು. ರಾಜೀನಾಮೆ ಕೊಟ್ಟರೆ ಅದೂ ಹೋಗುತ್ತೆ ಅಂತ ಹೆದರಿ ಕಾದ. ಹಬ್ಬ ಆದಮೇಲೆ ಅಂದರು, ಮಾರ್ಚ್ ಕಳೆದ ಮೇಲೆ ಅಂದರು. ಮಗಳ ಫೀಸು ಕಟ್ಟಬೇಕಲ್ಲ, ತಿಪಟೂರಿನಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೂತ. ಕಡೆಗೂ ಇನ್ನೊಂದು ಕಡೆಯಿಂದ ಇಂಟರ್‌ವ್ಯೂ ಬಂತು. ಅವರು ಕೇಳಿದ್ದು ಒಂದೇ: "ಕಳೆದ ಎರಡು ವರ್ಷದ ಲಾಗ್‌ಬುಕ್ ತೋರಿಸಿ ಸರ್." ಮಾಡಿದ ಕೆಲಸ ಬರೆದಿಡುವ ಆ ಪುಸ್ತಕದಲ್ಲಿ ತೋರಿಸಲು ಏನೂ ಇರಲಿಲ್ಲ. ತಾನು ತಯಾರು ಮಾಡಿದ ಹುಡುಗರ ಕೆಳಗೆ ಟೆಕ್ನೀಷಿಯನ್ ಆಗಿ ಮತ್ತೆ ಶುರು ಮಾಡಿದ. ನಾಲ್ಕು ದಿನ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಅವನ ಹೆಂಡತಿ ಹೇಳಿದ್ದು.

ಆ "ಇನ್ನೇನು ಶುರುವಾಗುತ್ತೆ" ಅನ್ನುವ ಮಾತಿನ ಮೇಲೆ ನನಗೆ ತುಂಬಾ ಸಿಟ್ಟು. ಜೆಟ್ ವಿಷಯದಲ್ಲಿ 2021ರ ಜೂನ್‌ನಲ್ಲಿ ಹೊಸ ಮಾಲೀಕರ ಯೋಜನೆಗೆ ಒಪ್ಪಿಗೆ ಸಿಕ್ಕಿತು. 2022ರ ಮೇ ತಿಂಗಳಲ್ಲಿ ಹಾರಾಟದ ಪರ್ಮಿಟ್ಟೂ ವಾಪಸ್ ಬಂತು. ಪ್ರಯಾಣಿಕರನ್ನು ಹತ್ತಿಸಿಕೊಂಡು ಒಂದು ವಿಮಾನವೂ ಮೇಲೇಳಲಿಲ್ಲ. 2024ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ಎಲ್ಲ ಮಾರಿಬಿಡಿ ಅಂದಿತು. ಗೋ ಫಸ್ಟ್‌ಗೂ 2023ರ ಜುಲೈನಲ್ಲಿ ಷರತ್ತಿನ ಮೇಲೆ ಹಾರಲು ಅನುಮತಿ ಸಿಕ್ಕಿತ್ತು, ಹಾರಲಿಲ್ಲ. ಕೋರ್ಟಿನ ಗಡಿಯಾರ ಐದು ವರ್ಷ ಓಡುತ್ತದೆ. ನಮ್ಮ ಲಾಗ್‌ಬುಕ್ಕಿನ ಗಡಿಯಾರ ಎರಡೇ ವರ್ಷ.

ಹಾಗಾಗಿ ನಾವು ಕೇಳಬೇಕಾದ್ದು ಹೀಗೆ. ನಿಂತ ವಿಮಾನಕ್ಕೂ ಕೆಲಸ ಇದೆ. ಎಂಜಿನ್ ಮುಚ್ಚಬೇಕು, ವೇಗ ಅಳೆಯಲು ಇರುವ ಪೀಟೋ ಟ್ಯೂಬಿಗೆ ಕವರ್ ಹಾಕಬೇಕು, ಚಕ್ರ ಒಂದೇ ಕಡೆ ಕೂರದ ಹಾಗೆ ಆಗಾಗ ತಿರುಗಿಸಬೇಕು, ಬ್ಯಾಟರಿ ನೋಡಬೇಕು. ಕಂಪನಿ ದಿವಾಳಿ ಕೋರ್ಟಿಗೆ ಹೋದ ದಿನವೇ ಈ ಕೆಲಸ ಅದೇ ಎಂಜಿನಿಯರುಗಳಿಗೆ ಪಾಳಿ ಹಾಕಿ ಹಂಚಲಿ. ಅದರ ಸಂಬಳವನ್ನು ದಿವಾಳಿ ಪ್ರಕ್ರಿಯೆಯ ಖರ್ಚು ಅಂತ ಬರೆಯಲಿ. ಕಾನೂನಿನಲ್ಲಿ ಆ ಖರ್ಚಿಗೇ ಮೊದಲ ಸ್ಥಾನ. ಉಳಿದವರಿಗೆ ಬೇರೆ ಹ್ಯಾಂಗರುಗಳಲ್ಲಿ ಆರು ತಿಂಗಳು ಕೈ ಆಡಿಸಲು ಡಿಜಿಸಿಎ ದಾರಿ ಮಾಡಿಕೊಡಲಿ. ಏರ್ ಇಂಡಿಯಾ ಟಾಟಾಗೆ ಹೋದ ಮೇಲೂ ಅದರ ವಿಮಾನ ರಿಪೇರಿ ಕಂಪನಿ ಎಐಇಎಸ್‌ಎಲ್ ಸರ್ಕಾರದ ಕೈಯಲ್ಲೇ ಉಳಿದಿತ್ತು. ಅಲ್ಲಿ ಹೀಗೊಂದು ವ್ಯವಸ್ಥೆ ಮಾಡಬಹುದು ಅಲ್ವಾ?

ಚೀಟಿ ಬಂತು. ಹತ್ತು ನಿಮಿಷ ಅಂತೆ. ಬಾಕಿ ಸಂಬಳದ ವಿಷಯ ದೊಡ್ಡದು, ಬೇಗ ಹೇಳುತ್ತೇನೆ. ದಿವಾಳಿ ಕಾನೂನಿನ 53ನೇ ಸೆಕ್ಷನ್‌ನಲ್ಲಿ 'ವರ್ಕ್‌ಮನ್', ಅಂದರೆ ಕಾರ್ಮಿಕ, ಅನ್ನಿಸಿಕೊಂಡವರಿಗೆ 24 ತಿಂಗಳ ಬಾಕಿ, ಬ್ಯಾಂಕಿನವರ ಜೊತೆ ಸಮನಾಗಿ. ಬೇರೆ ನೌಕರರಿಗೆ 12 ತಿಂಗಳು, ಒಂದು ಮೆಟ್ಟಿಲು ಕೆಳಗೆ. ಆದ್ದರಿಂದ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನಿಮ್ಮ ಕೆಲಸವನ್ನು ಏನಂತ ಬರೆದಿದ್ದಾರೆ ಅಂತ ಇವತ್ತೇ ಮನೆಗೆ ಹೋಗಿ ನೋಡಿ. ಪಿಎಫ್, ಗ್ರಾಚ್ಯುಯಿಟಿ ಬೇರೆ ಲೆಕ್ಕ. ಜೆಟ್ ನೌಕರರಿಗೆ ಅದನ್ನು ಕೊಡಲೇಬೇಕು ಅನ್ನುವ ಆದೇಶವನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದಕ್ಕಾಗಿ ಹೋರಾಡಿದವರು ನಮ್ಮಂಥವರೇ.

ಅಪ್ಪ ಅಮ್ಮಂದಿರೇ, ಹೆದರಿಸಲು ಇದೆಲ್ಲ ಹೇಳುತ್ತಿಲ್ಲ. ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ವಿಮಾನಕ್ಕೆ, ಇಂಡಿಗೋ ಅದೇ ವರ್ಷ ಜೂನ್‌ನಲ್ಲಿ 500ಕ್ಕೆ ಆರ್ಡರ್ ಕೊಟ್ಟಿವೆ. ಮೊದಲು ನಮ್ಮ ವಿಮಾನಗಳು ದೊಡ್ಡ ತಪಾಸಣೆಗೆ ಸಿಂಗಾಪುರ, ಶ್ರೀಲಂಕಾಕ್ಕೆ ಹೋಗುತ್ತಿದ್ದವು. ಯಾಕೆಂದರೆ ಇಲ್ಲಿ ಆ ಕೆಲಸಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು. 2020ರಲ್ಲಿ ಅದು 5ಕ್ಕೆ ಇಳಿಯಿತು. ದೇವನಹಳ್ಳಿಯಲ್ಲೇ ಹೊಸ ಹ್ಯಾಂಗರ್ ಬರುತ್ತಿವೆ. ಕೆಲಸ ಬರುತ್ತದೆ. ಬಂದ ಕೆಲಸ ನಿಂತರೆ ಏನು ಮಾಡಬೇಕು ಅನ್ನುವುದನ್ನು ನಾವು ಯಾರೂ ಕಲಿಸುತ್ತಿಲ್ಲ, ನನ್ನ ಸಂಕಟ ಅದು.

ಮಕ್ಕಳಿಗೆ ಎಂಟು ವಿಷಯ ಬರೆದುಕೊಂಡು ಬಂದಿದ್ದೆ, ಎರಡೇ ಹೇಳುತ್ತೇನೆ. ಲಾಗ್‌ಬುಕ್ ಪ್ರತಿ ವಾರ ಬರೆಯಿರಿ, ಬರೆದದ್ದಕ್ಕೆ ಆಗಲೇ ಸಹಿ ಮಾಡಿಸಿಕೊಳ್ಳಿ. ಕಂಪನಿ ಮುಚ್ಚಿದ ಮೇಲೆ ಸಹಿ ಹಾಕುವವರು ಸಿಗುವುದಿಲ್ಲ. ಇನ್ನೊಂದು, ಎರಡು ತಿಂಗಳು ಸಂಬಳ ನಿಂತರೆ ಹುಡುಕಲು ಶುರು ಮಾಡಿ. ನಾಚಿಕೆ ಬೇಡ, ನಿಷ್ಠೆಯ ಮಾತು ಆಡುವವರನ್ನು ಕೇಳಬೇಡಿ. ಇಷ್ಟು ವರ್ಷ ಕಂಪನಿ ಬಿಡಲ್ಲ ಅಂತ ಬರೆದುಕೊಡುವ ಬಾಂಡ್ ಬಗ್ಗೆ ಹೇಳಬೇಕಿತ್ತು, ಹೊತ್ತಿಲ್ಲ. ಊಟದ ಹೊತ್ತಿಗೆ ಸಿಗಿ, ಬಾಂಡ್ ಪೇಪರ್ ತಂದಿದ್ದರೆ ಕೂತು ಓದೋಣ.

ಡಿಜಿಸಿಎಗೆ ಕಳಿಸುವ ಮನವಿ ಬಾಗಿಲ ಹತ್ತಿರದ ಟೇಬಲ್ ಮೇಲಿದೆ. ಓದಿ, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ. ಲೈಸೆನ್ಸ್ ಇರುವವರು ನಂಬರನ್ನೂ ಬರೆಯಿರಿ. ಈಗ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ ಹುಡುಗಿ ಮೊದಲು ಕೇಳಲಿ. ಮೈಕ್ ಅಲ್ಲಿಗೆ ಕೊಡಿ.