ಇಗರ್ಜಿಯೊಳಗಿನ ನಾಗಿಣಿ

ಗೋವಾದಲ್ಲಿರುವ ಕನ್ನಡದ ಬಂಧುಗಳಿಗೆಲ್ಲ ನಮಸ್ಕಾರ. ವಾಸ್ಕೋದಲ್ಲಿ, ಮಡಗಾಂವ್‌ನಲ್ಲಿ, ಮಾಪುಸಾದಲ್ಲಿ ಈಗಷ್ಟೇ ಕೆಲಸದಿಂದ ಬಂದು, ಕೈಕಾಲು ತೊಳೆದು ರೇಡಿಯೋ ಹಾಕಿದವರಿಗೆ ಇನ್ನೊಂದು ನಮಸ್ಕಾರ. ನನಗೆ ಕೊಟ್ಟಿರುವ ವಿಷಯ, ಕ್ರೈಸ್ತ ನಂಬಿಕೆ ಮತ್ತು ಕಲೆ, ಸಾಹಿತ್ಯ. ಕೊಟ್ಟಿರುವ ಸಮಯ 10 ನಿಮಿಷ. ಎರಡು ಸಾವಿರ ವರ್ಷಕ್ಕೆ 10 ನಿಮಿಷ ಅಂದರೆ ನಿಮಿಷಕ್ಕೆ ಇನ್ನೂರು ವರ್ಷ ಆಯಿತು. ಅಷ್ಟು ಜೋರಾಗಿ ನಮ್ಮ ಪಣಜಿ ಬಸ್ಸೂ ಓಡುವುದಿಲ್ಲ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕ್ರೈಸ್ತರ ನಂಬಿಕೆಯ ತಿರುಳು ಏನು? ದೇವರು ಮನುಷ್ಯನಾಗಿ ಹುಟ್ಟಿದ. ಸುಮ್ನೆ ಒಮ್ಮೆ ಕಾಣಿಸಿಕೊಂಡು ಮಾಯವಾಗಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ, ದನದ ಗೋದಲಿಯಲ್ಲಿ ಮಲಗಿದ, ಬಡಗಿಯ ಮನೆಯಲ್ಲಿ ಬೆಳೆದ. ಹಸಿದ, ಅತ್ತ, ಸತ್ತ, ಮೂರನೆಯ ದಿನ ಎದ್ದ. ನಮ್ಮ ಹಳೆಯ ಕನ್ನಡ ಬೈಬಲ್‌ನಲ್ಲಿ ಇದಕ್ಕೆ ‘ನರಾವತಾರ’ ಅಂತಲೇ ಹಾಕಿದ್ದಾರೆ. ಎಂಥ ಮಾತು ನೋಡಿ! ಈಗ ಯೋಚನೆ ಮಾಡಿ. ಮನುಷ್ಯನಾದ ಮೇಲೆ ಅವನಿಗೊಂದು ಮುಖ ಬೇಕು. ಮೈಮೇಲೆ ಬಟ್ಟೆ ಬೇಕು. ಅವನಿಗೊಂದು ಊರು ಬೇಕು. ಯಾವ ಊರು? ಚಿತ್ರ ಬರೆಯುವವನು ತನ್ನ ಊರನ್ನೇ ಕೊಟ್ಟ. ಹಾಡು ಕಟ್ಟುವವನು ತನ್ನ ಮಾತನ್ನೇ ಕೊಟ್ಟ. ನನ್ನ ಒಂದು ಮಾತು ಅಂದರೆ ಇದೇ. ಮನುಷ್ಯನಾದ ಮೇಲೆ ಅವನಿಗೊಂದು ಊರು ಬೇಕು.

ದೇವರ ಚಿತ್ರ ಬರೆಯಬಹುದೋ ಬಾರದೋ ಅಂತ ಈಗಿನ ಇಸ್ತಾಂಬುಲ್‌ನಲ್ಲಿ 8 ಮತ್ತು 9ನೇ ಶತಮಾನಗಳಲ್ಲಿ ದೊಡ್ಡ ಜಗಳವೇ ಆಯಿತು. ಚಿತ್ರಗಳನ್ನು ಒಡೆದರು, ಸುಟ್ಟರು. 843ರಲ್ಲಿ ಚಿತ್ರದ ಪರ ಇದ್ದವರು ಗೆದ್ದರು. ಅವರ ಪರವಾಗಿ ಡಮಾಸ್ಕಸ್‌ನ ಯೋಹಾನ ಅನ್ನುವ ಸನ್ಯಾಸಿ ಬಹಳ ಹಿಂದೆಯೇ ವಾದ ಕಟ್ಟಿಟ್ಟಿದ್ದ. ಕಾಣದ ದೇವರನ್ನು ಬರೆಯಲಾಗದು, ಸರಿ. ಆದರೆ ಮನುಷ್ಯನಾಗಿ ಕಣ್ಣಿಗೆ ಕಂಡವನನ್ನು ಯಾಕೆ ಬರೆಯಬಾರದು? ಆ ವಾದ ಸೋತಿದ್ದರೆ ಇಟಲಿಯ ಶಿಲ್ಪಿ ಮೈಕೆಲಾಂಜೆಲೋ ಎಲ್ಲಿರುತ್ತಿದ್ದ ಹೇಳಿ. ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯನ್ನು ಅವನು ಅಮೃತಶಿಲೆಯಲ್ಲಿ ಕೆತ್ತಿದಾಗ ಅವನಿಗೆ ಇನ್ನೂ 25 ತುಂಬಿರಲಿಲ್ಲ. ರೋಮ್‌ನಲ್ಲಿದೆ ಅದು. ಅದನ್ನು ನೋಡಿ ಅರ್ಥ ಮಾಡಿಕೊಳ್ಳಲು ಯಾವ ಧರ್ಮದವರಾದರೂ ಆದೀತು, ತಾಯಿ ಅಂದರೆ ಯಾರು ಅಂತ ಗೊತ್ತಿದ್ದರೆ ಸಾಕು.

ಬ್ರೂಗೆಲ್ ಅಂತ ಇನ್ನೊಬ್ಬ. ಈಗಿನ ಬೆಲ್ಜಿಯಂ ಕಡೆಯವನು. 1566ರಲ್ಲಿ ಬೆತ್ಲೆಹೇಮ್ ಊರಿನ ಚಿತ್ರ ಬರೆದ. ಜೋಸೆಫ್, ಗರ್ಭಿಣಿ ಮರಿಯ ಜನಗಣತಿಗೆ ಹೆಸರು ಬರೆಸಲು ಬರುತ್ತಾರಲ್ಲ, ಆ ಕಥೆ. ಚಿತ್ರದಲ್ಲಿ ಏನಿದೆ ಗೊತ್ತಾ? ಹಿಮ! ಅವನ ಊರಿನ ಮನೆಗಳು, ಮಂಜುಗಡ್ಡೆಯ ಮೇಲೆ ಆಡುವ ಮಕ್ಕಳು. ಆ ಗದ್ದಲದಲ್ಲಿ ಕತ್ತೆಯ ಮೇಲೆ ಕೂತ ಮರಿಯಳನ್ನು ನಾವೇ ಹುಡುಕಬೇಕು. ಪಕ್ಕದ ಮನೆಯ ಹೆಂಗಸಿನ ಹಾಗೆ ಬರುತ್ತಿದ್ದಾಳೆ. ತಪ್ಪು ಅಂತೀರಾ? ಅಲ್ಲ. ಮನುಷ್ಯನಾದ ಮೇಲೆ ಅವನಿಗೊಂದು ಊರು ಬೇಕಲ್ಲ, ಬ್ರೂಗೆಲ್ ತನ್ನ ಊರು ಕೊಟ್ಟ.

ಈಗ ಗೋವಾಕ್ಕೆ ಬರೋಣ. ಇಲ್ಲೊಂದು ಕಥೆ ಹೇಳಲೇಬೇಕು.

ನಾನು ಮೂವತ್ತು ವರ್ಷ ಕಲೆಯ ಇತಿಹಾಸ ಪಾಠ ಮಾಡಿದವನು. ಆದರೆ ನನಗೆ ದೊಡ್ಡ ಪಾಠ ಕಲಿಸಿದವರು ಗದಗ ಕಡೆಯ ಒಬ್ಬ ಬಡಗಿ. ನಮ್ಮ ಮನೆಯ ಬಾಗಿಲಿನ ಚೌಕಟ್ಟು ಗೆದ್ದಲು ಹಿಡಿದಿತ್ತು, ರಿಪೇರಿಗೆ ಬಂದಿದ್ದರು. ವಯಸ್ಸಾದವರು, ನಾನು ಕಾಕಾ ಅಂತಿದ್ದೆ. ಮಳೆಗಾಲ. ಒಂದು ದಿನ ಮಧ್ಯಾಹ್ನ ಕರೆಂಟ್ ಹೋಯಿತು, ಕೆಲಸ ನಿಂತಿತು. ‘ಬರ್ರಿ ಕಾಕಾ, ಒಂದು ಹಳೇ ಮರದ ಕೆಲಸ ತೋರಿಸ್ತೀನಿ’ ಅಂತ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಾಸಷ್ಟಿ ತಾಲೂಕಿನ ಒಂದು ಹಳ್ಳಿಯ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋದೆ. ಕಾಕಾ ಗೋವಾದಲ್ಲಿ 22 ವರ್ಷ ದುಡಿದಿದ್ದರು. ಒಂದು ಇಗರ್ಜಿಯ ಒಳಗೂ ಕಾಲಿಟ್ಟಿರಲಿಲ್ಲ. ‘ನಮ್ಮನ್ನ ಒಳಗ ಬಿಡ್ತಾರೇನ್ರಿ?’ ಅಂತ ಕೇಳಿದರು. ಬಾಗಿಲು ತೆರೆದೇ ಇತ್ತು. ಅವರು ಚಪ್ಪಲಿ ಹೊರಗೆ ಬಿಟ್ಟರು. ಬಿಡಬೇಕಾಗಿಲ್ಲ ಅಂದರೂ ಬಿಟ್ಟರು.

ಒಳಗೆ ಗೋಡೆಗೆ ಅಂಟಿದ ಹಾಗೆ ಮೇಲೆ ಒಂದು ಮರದ ಪ್ರಸಂಗಪೀಠ ಇರುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಪಾದ್ರಿ ಅಲ್ಲಿ ಹತ್ತಿ ನಿಂತು ಮಾತಾಡುತ್ತಿದ್ದರು. ನಾನು ಪೀಠದ ಮೇಲಿನ ಸಂತರ ಮೂರ್ತಿಗಳನ್ನು ತೋರಿಸಿ ಇವರು ಯಾರು, ಅವರು ಯಾರು ಅಂತ ಶುರು ಮಾಡಿದೆ. ಕಾಕಾ ನನ್ನ ಮಾತು ಕೇಳುತ್ತಲೇ ಇಲ್ಲ. ಬಗ್ಗಿ ಪೀಠದ ತಳ ನೋಡುತ್ತಿದ್ದಾರೆ. ಆಮೇಲೆ ಸೀದಾ ಹಾಸುಗಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟರು! ಇಗರ್ಜಿ ನೋಡಿಕೊಳ್ಳುವ ಅಜ್ಜ ಕೊಂಕಣಿಯಲ್ಲಿ ಕೂಗುತ್ತಾ ಓಡಿ ಬಂದ. ಮನುಷ್ಯನಿಗೆ ತಲೆ ತಿರುಗಿ ಬಿದ್ದಿದ್ದಾನೆ ಅಂದುಕೊಂಡನೋ ಏನೋ, ಕೈಯಲ್ಲಿ ನೀರಿನ ಚೊಂಬು.

ಕಾಕಾ ಮಲಗಿದಲ್ಲಿಂದಲೇ ಬೆರಳು ತೋರಿಸಿದರು. ‘ಸರ, ಇಲ್ ನೋಡ್ರಿ. ನಾಗಿಣಿ.’

ನಾನೂ ಬಗ್ಗಿದೆ. ಪೀಠವನ್ನು ಹೊತ್ತಿರುವುದು ಸಾಲಾಗಿ ನಾಗಿಣಿಯರು. ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವಿನ ಬಾಲ. ಬಾಲಗಳೆಲ್ಲ ಸುತ್ತಿಕೊಂಡು ಕೆಳಗೆ ಒಂದು ಮೊಗ್ಗಿನಲ್ಲಿ ಸೇರುತ್ತವೆ. ಕೊರಳಲ್ಲಿ ಹಾರ, ಕಿವಿಯಲ್ಲಿ ಓಲೆ. ಕೆಂಪು ಬಣ್ಣ ಕಳಚಿ ಅಲ್ಲಲ್ಲಿ ಮರ ಕಾಣುತ್ತಿತ್ತು. ಈ ನಾಗಿಣಿಯರ ಬಗ್ಗೆ ನಾನು ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೆ ಮಲಗಿ ನೋಡಿರಲಿಲ್ಲ. ಕಾಕಾ ಹೇಳಿದರು, ಅವರ ಅಜ್ಜ ಊರಿನ ತೇರಿಗೆ ಗೊಂಬೆ ಕೆತ್ತಿದವರಂತೆ. ‘ಇದು ಮ್ಯಾಲಿಂದ ನೋಡಾಕ ಮಾಡಿದ್ದಲ್ರಿ. ತೇರಿನ ಗೊಂಬಿ ಹಂಗ, ತೆಳಗ ನಿಂತವ್ರು ತಲಿ ಎತ್ತಿ ನೋಡ್ತಾರಂತ ಮಾಡಿದ್ದು. ಅದಕ ಮುಖ ಇಷ್ಟು ಮುಂದಕ ಬಗ್ಗೇತಿ.’ ಆಮೇಲೆ ಎದ್ದು ಬಾಲದ ಹತ್ತಿರ ಕೈಯಾಡಿಸಿ, ಎಲ್ಲೂ ಮೊಳೆ ಹೊಡೆದಿಲ್ಲ, ಬೆಣೆ ಹಾಕಿ ಕೂರಿಸಿದ್ದಾರೆ ಅಂದರು. ಉಳಿ ಯಾವ ಕಡೆಯಿಂದ ಹೊಡೆದದ್ದು ಅಂತಲೂ ತೋರಿಸಿದರು. ಅಜ್ಜ ಚೊಂಬು ಕೆಳಗಿಟ್ಟು ತಾನೂ ಬಗ್ಗಿ ನೋಡತೊಡಗಿದ.

ಅಷ್ಟರಲ್ಲಿ ಪಾದ್ರಿಗಳು ಬಂದರು. ಒಳ್ಳೆಯ ಮನುಷ್ಯ. ಹಾವು ಅಂದರೆ ಕೆಡುಕು, ದೇವರ ವಾಕ್ಯದ ಕೆಳಗೆ ಅದು ತುಳಿಸಿಕೊಂಡು ಬಿದ್ದಿದೆ, ಅದಕ್ಕೇ ಪೀಠದ ಕೆಳಗೆ ಹಾವು ಅಂತ ಅರ್ಥ ಹೇಳಿದರು. ನಾನು ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ಕಾಕಾ ಇನ್ನೊಮ್ಮೆ ತಲೆ ಎತ್ತಿ ನೋಡಿದರು. ‘ತುಳಿಸ್ಕೊಂಡ ಹಾವು ಹಿಂಗ ನಗ್ತೈತೇನ್ರೀ ಸರ?’

ನಿಜ. ಎಲ್ಲ ನಾಗಿಣಿಯರೂ ನಗುತ್ತಿದ್ದರು.

ಇದು ಹೇಗೆ ಆಯಿತು ಅಂದರೆ, ಇಗರ್ಜಿ ಕಟ್ಟಿಸಿದವರು ಪೋರ್ಚುಗೀಸರು, ಕೆತ್ತಿದವರು ಇಲ್ಲಿಯವರು. 1567ರಲ್ಲಿ ಗೋವಾದ ಧರ್ಮಸಭೆ ಹಿಂದೂ ಕೆಲಸಗಾರರ ಕೈಯಲ್ಲಿ ಪೂಜೆಯ ಸಾಮಾನು ಮಾಡಿಸಬಾರದು ಅಂತ ಅಪ್ಪಣೆ ಮಾಡಿತು. ಆಮೇಲೂ ಮತ್ತೆ ಮತ್ತೆ ಅದೇ ಅಪ್ಪಣೆ. ಮತ್ತೆ ಮತ್ತೆ ಹೇಳಬೇಕಾಗಿ ಬಂತು ಅಂದರೆ ಏನರ್ಥ? ಯಾರೂ ಕೇಳಲಿಲ್ಲ ಅಂತ! ಕೆಲಸ ಗೊತ್ತಿದ್ದವರು ಬೇಕಿತ್ತು, ಕೆಲಸ ಗೊತ್ತಿದ್ದವರು ಇವರೇ. ಯುರೋಪಿನ ಮಾದರಿ ಕೊಟ್ಟು ದಂತದಲ್ಲಿ ಬಾಲಯೇಸು ಮಾಡಿ ಅಂದರೆ, ಕಣ್ಣು ಅರೆ ಮುಚ್ಚಿ, ಕೆನ್ನೆಗೆ ಕೈಕೊಟ್ಟು ಬುದ್ಧನ ಹಾಗೆ ಕೂತ ಕುರುಬ ಹುಡುಗ ಬಂದ. ಹಳೆ ಗೋವಾದಲ್ಲಿ ಸಾಂತಾ ಮೋನಿಕಾ ಮಠದ ಕಟ್ಟಡದಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ಅಲ್ಲಿಗೆ ಹೋದರೆ ಇಲ್ಲಿಯ ಕೈಕೆಲಸ ಏನು ಅಂತ ಗೊತ್ತಾಗುತ್ತದೆ. ಟ್ಯಾಕ್ಸಿ ಓಡಿಸುವ ತಮ್ಮಂದಿರೇ, ಪ್ರವಾಸಿಗಳನ್ನು ಇಳಿಸಿ ಹೊರಗೆ ಗಾಡಿಯಲ್ಲಿ ನಿದ್ದೆ ಮಾಡುತ್ತೀರಲ್ಲ, ಒಂದು ದಿನ ಒಳಗೆ ಹೋಗಿ ಮಾರಾಯರೇ.

ಪೋರ್ಚುಗೀಸರು ಗುಡಿ ಒಡೆದದ್ದು, 1560ರಿಂದ ನಡೆದ ಇನ್‌ಕ್ವಿಜಿಷನ್ನು ಅಂದರೆ ಧರ್ಮದ ಹೆಸರಿನ ವಿಚಾರಣೆ, ಶಿಕ್ಷೆ ಎಲ್ಲ ಹೇಳುವುದಿಲ್ಲವಾ ಅಂತ ನೀವು ಕೇಳಬಹುದು. ನಡೆದದ್ದು ನಿಜ. ಅದಕ್ಕೆ ಬೇರೆಯೇ ದಿನ ಬೇಕು. ಆದರೆ ಒಂದು ಪುಸ್ತಕ ಮಾತ್ರ ಆ ಗಾಯದಿಂದಲೇ ಹುಟ್ಟಿತು, ಅದನ್ನು ಹೇಳಿಬಿಡುತ್ತೇನೆ.

ಥಾಮಸ್ ಸ್ಟೀಫನ್ಸ್ ಅನ್ನುವ ಇಂಗ್ಲಿಷ್ ಪಾದ್ರಿ 1579ರಲ್ಲಿ ಗೋವಾಕ್ಕೆ ಬಂದ. ಇದೇ ಸಾಸಷ್ಟಿಯಲ್ಲಿ ಕೆಲಸ ಮಾಡಿ, 1619ರಲ್ಲಿ ತೀರಿಕೊಂಡ. ತಿರುಗಿ ಊರಿಗೆ ಹೋಗಲೇ ಇಲ್ಲ. ಅವನು ಬರೆದದ್ದು ‘ಕ್ರಿಸ್ತಪುರಾಣ’. ಹೆಸರು ಕೇಳಿದಿರಾ? ಪುರಾಣ! ಸುಮಾರು 11,000 ಓವಿಗಳು. ನಮ್ಮ ಅಜ್ಜಿಯರು ಬೀಸುವಾಗ ಪದ ಹೇಳುತ್ತಿದ್ದರಲ್ಲ, ಹಾಗೆ ಮರಾಠಿ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವುದು ಓವಿ. ಭಗವದ್ಗೀತೆಗೆ ಮರಾಠಿಯಲ್ಲಿ ಬರೆದ ಜ್ಞಾನೇಶ್ವರಿ ಇರುವುದೂ ಓವಿಯಲ್ಲೇ. ಆ ಪುರಾಣದಲ್ಲಿ ಒಬ್ಬ ಬ್ರಾಹ್ಮಣ ಪಾದ್ರಿಯನ್ನು ಕೇಳುತ್ತಾನೆ, ನಮ್ಮ ಹಳೆಯ ಪುರಾಣಗಳನ್ನು ಬೇಡ ಅಂದಿರಿ, ಅಂಥದ್ದೇ ಇನ್ನೊಂದನ್ನು ನಮಗೆ ಯಾಕೆ ಮಾಡಿಕೊಡಬಾರದು ಅಂತ. ಕಿತ್ತುಕೊಂಡದ್ದೂ ಆ ಪ್ರಶ್ನೆಯಲ್ಲಿದೆ, ಕೊಟ್ಟದ್ದೂ ಇದೆ. ಪಾದ್ರಿ ಬರೆದ. ಹೂವಿನಲ್ಲಿ ಮಲ್ಲಿಗೆ ಹೇಗೋ, ಪರಿಮಳದಲ್ಲಿ ಕಸ್ತೂರಿ ಹೇಗೋ ಹಾಗೆ ಭಾಷೆಗಳಲ್ಲಿ ಮರಾಠಿ ಅಂತ ಹೊಗಳಿ ಬರೆದ. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ತೀರಿಕೊಂಡ ವರ್ಷವೇ, 1616ರಲ್ಲಿ, ಸಾಸಷ್ಟಿಯ ರಾಚೋಲ್‌ನಲ್ಲಿ ಅದು ಅಚ್ಚಾಯಿತು. ಆ ಅಚ್ಚಿನ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಜನ ಕೈಯಲ್ಲಿ ನಕಲು ಮಾಡಿಟ್ಟುಕೊಂಡು ಉಳಿಸಿದರು. 17ನೇ ಶತಮಾನ ಕಳೆದ ಮೇಲೆ ಮತ್ತೆ ಅಚ್ಚಾದದ್ದು 1907ರಲ್ಲಿ. ಎಲ್ಲಿ? ನಮ್ಮ ಮಂಗಳೂರಿನಲ್ಲಿ!

ಇನ್ನೊಂದು ತಮಾಷೆ. ಅವನು ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ‘ಕನಾರಿಂ’ ಅಂತ ಕರೆದಿದೆ. ಪೋರ್ಚುಗೀಸರಿಗೆ ಕೊಂಕಣಿ, ಕನ್ನಡ ಎಲ್ಲ ಒಂದೇ ಗಂಟು. ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

ಗಡಿಯಾರ ನೋಡಿದೆ. ಕಾಕಾ ನನ್ನ ಸಮಯ ಎಲ್ಲ ತಿಂದುಬಿಟ್ಟರು. ಬರೆದುಕೊಂಡು ಬಂದ ಹಾಳೆಯಲ್ಲಿ ದಾಂತೆ, ಮಿಲ್ಟನ್, ಬಾಖ್‌ನ ಸಂಗೀತ ಎಲ್ಲ ಹಾಗೇ ಉಳಿಯಿತು. ಉಳಿಯಲಿ, ಅವರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಬ್ಬರನ್ನು ಮಾತ್ರ ಬಿಡಲಾರೆ.

ಆಂಜೆಲೋ ದ ಫೋನ್ಸೆಕಾ. ಗೋವಾದವರು, 1902ರಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲಿ ಚಿತ್ರ ಕಲಿತು ಬಂದು ಮಾತೆ ಮರಿಯಳಿಗೆ ಸೀರೆ ಉಡಿಸಿದರು. ಕಂದು ಮೈಬಣ್ಣ, ಸೊಂಟದ ಮೇಲೆ ಮಗು. ಊರಿನ ದೊಡ್ಡವರಿಗೆ ಸಿಟ್ಟು ಬಂತು, ಮರಿಯ ಮಾತೆಗೆ ಸೀರೆಯಾ ಅಂತ! ಹಾಗಾದರೆ ಅವಳು ಇಟಲಿಯವಳಾ? ಅದನ್ನು ಯಾರೂ ಕೇಳಲಿಲ್ಲ. ಫೋನ್ಸೆಕಾ ಪುಣೆಗೆ ಹೋದರು, ಒಂದು ಕ್ರೈಸ್ತ ಆಶ್ರಮದಲ್ಲಿದ್ದುಕೊಂಡು ಬರೆದರು, 1967ರಲ್ಲಿ ತೀರಿಕೊಂಡರು. ಅವರ ಬಹಳಷ್ಟು ಚಿತ್ರಗಳು ಈಗ ಪರ್ವರಿಯಲ್ಲಿವೆ, ತಿರುಗಿ ಗೋವಾಕ್ಕೇ ಬಂದಿವೆ.

ಇನ್ನೊಬ್ಬರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಅನ್ನುವ ಕಾವ್ಯ ಕಟ್ಟಿದರು. ಬುದ್ಧನ ಕೊನೆಯ ದಿನದ ಮೇಲೂ ಒಂದು ಬರೆದರು. ಕ್ರೈಸ್ತರಾಗದೆಯೇ ಬರೆದರು. ಅದಕ್ಕೂ ಮೊದಲೇ, 1862ರಲ್ಲಿ, ನಿಘಂಟಿನ ಕಿಟೆಲ್ ಸಾಹೇಬರು ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ ಅಂತ ಹೊಸೆದಿದ್ದರು. ಮನುಷ್ಯನಾದ ಮೇಲೆ ಅವನಿಗೊಂದು ಊರು ಬೇಕು ಅಂದೆನಲ್ಲ, ಕನ್ನಡದಲ್ಲೂ ಅವನಿಗೆ ಊರು ಸಿಕ್ಕಿತು.

ಕಾಕಾ ಏನಾದರು ಅಂತ ಕೇಳುತ್ತೀರಿ ಅಂತ ಗೊತ್ತು. ಇಲ್ಲೇ ಇದ್ದಾರೆ. ಹೋದ ಕ್ರಿಸ್‌ಮಸ್‌ಗೆ ಅವರು ಬಾಡಿಗೆಗಿರುವ ಮನೆಯ ಯಜಮಾನಿ ಅಂಗಳದಲ್ಲಿ ಗೋದಲಿ ಮಾಡಬೇಕು, ಗೊಂಬೆಗಳೆಲ್ಲ ಒಡೆದು ಹೋಗಿವೆ ಅಂದರಂತೆ. ಕಾಕಾ ಮಿಕ್ಕಿದ ಸಾಗವಾನಿ ತುಂಡುಗಳಲ್ಲಿ ಹೊಸದಾಗಿ ಕೆತ್ತಿಕೊಟ್ಟರು. ನಾನು ನೋಡಲು ಹೋಗಿದ್ದೆ. ಎತ್ತುಗಳಿಗೆ ದೊಡ್ಡ ಇಣಿ, ಉದ್ದ ಕೊಂಬು, ಒಂದರ ಕೊಂಬು ಮುರಿದು ಅಂಟು ಹಚ್ಚಿದ್ದು ಕಾಣುತ್ತಿತ್ತು. ಜೋಸೆಫ್‌ನ ತಲೆಗೆ ಗದಗ ಕಡೆಯ ರುಮಾಲು. ಕೈಯಲ್ಲಿ ಕೋಲು ಇರಬೇಕಿತ್ತು, ಎಲ್ಲ ಗೋದಲಿಗಳಲ್ಲೂ ಹಾಗೇ ಇರುತ್ತದೆ. ಕಾಕಾ ಅದರ ಬದಲು ಮರ ಕೆತ್ತುವ ಬಾಚಿ ಕೊಟ್ಟಿದ್ದರು. ಯಾಕೆ ಅಂತ ಕೇಳಿದೆ.

‘ಬಡಿಗ್ಯಾ ಅಲ್ಲೇನ್ರಿ ಅವ?’

ನಮಸ್ಕಾರ.