ಸಿಂಗಾಪುರದಾಗ ಸಮ್ಮೇಳನ, ತೋವಾ ಪಾಯೊದಾಗ ಊಟ

[ದೃಶ್ಯ: ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡ್. ಬಸ್ಸಿನ ಕಿಡಕಿಯೊಳಗಿಂದ ಸೀಟಿಗೆ ಕರವಸ್ತ್ರ ಒಗಿಯೂ ಕೈ.]

ನಮಸ್ಕಾರ್ರೀ. ಈ ಕರವಸ್ತ್ರ ನೆನಪಿಟ್ಟುಕೊಳ್ರಿ, ಮುಂದ ಬರತೈತಿ.

ರೋಟರಿ, ಲಯನ್ಸ್ ಕ್ಲಬ್ಬಿನ್ಯಾಗ ಇರೂ ಭಾಳ ಮಂದಿ ಕೇಳ್ತಾರ: "ಫಾರಿನ್ ಸಮ್ಮೇಳನ ಅಂದ್ರ ರೊಕ್ಕ ದಂಡ ಅಲ್ಲೇನ್ರೀ?" ಸಭಾಂಗಣದಾಗ ಭಾಷಣ ಕೇಳಿ, ಟೂರ್ ಬಸ್ಸಿನ್ಯಾಗ ನಮ್ಮೂರವರ ಸಂಗಟನ ತಿರುಗಿ ಬರೂದಾದ್ರ ಖರೇನ ದಂಡ. ಅಲ್ಲಿಯ ಕ್ಲಬ್ಬಿನವರ ಮನಿ ಮಟಾ ಹೋಗ್ರಿ.

ನಾ ಹೋಗಿದ್ದು 2024ರ ರೋಟರಿ ಅಂತಾರಾಷ್ಟ್ರೀಯ ಸಮ್ಮೇಳನಕ್ಕ. ಸಿಂಗಾಪುರದಾಗ, ಮೇ 25ರಿಂದ 29. ವರ್ಷಾ ಒಂದೊಂದು ಊರಾಗ ಆಗತೈತಿ. 2023ಕ್ಕ ಮೆಲ್ಬರ್ನ್, 2025ಕ್ಕ ಕ್ಯಾಲ್ಗರಿ. ಪದಾಧಿಕಾರಿನ ಆಗಿರಬೇಕಂತಿಲ್ಲ. ಲಗೂ ನೋಂದಣಿ ಮಾಡಿಸಿದ್ರ ಫೀ ಕಡಿಮಿ. ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನದಾಗ ನಾಲ್ಕೂವರಿ ತಾಸು. ಗಡಿಯಾರ ಎರಡೂವರಿ ತಾಸು ಮುಂದ ತಿರುವ್ರಿ. ವೀಸಾ ಏಜೆಂಟರ ಕಡೆಯಿಂದ ಆಗತೈತಿ. ಅರೈವಲ್ ಕಾರ್ಡ್ (ಆ ದೇಶಕ್ಕ ಕಾಲಿಡೂ ಮೊದಲ ತುಂಬೂ ಫಾರ್ಮ್) ಮಾತ್ರ ನೀವ ಆನ್‌ಲೈನ್‌ನಾಗ ಪುಕಟ ತುಂಬಬಹುದು, ಅದಕ್ಕ ರೊಕ್ಕ ಕೇಳೂ ವೆಬ್‌ಸೈಟ್ ನಂಬಬ್ಯಾಡ್ರಿ.

ಈಗ ಮುಖ್ಯ ಕೆಲಸ. ಎರಡು ತಿಂಗಳು ಮೊದಲ ಅಲ್ಲಿಯ ಒಂದು ಕ್ಲಬ್ಬಿನ ಕಾರ್ಯದರ್ಶಿಗೆ ಮೇಲ್ ಹಾಕ್ರಿ: "ನಾವು ನಾಲ್ಕು ಮಂದಿ ಬರಾಕತ್ತೀವಿ, ನಿಮ್ಮ ಮೀಟಿಂಗಿಗೆ ಬರಬಹುದಾ?" ಬ್ಯಾರೆ ಊರಿನ ಸದಸ್ಯರು ಮೀಟಿಂಗಿಗೆ ಬಂದು ಕೂಡೂದು ರೋಟರಿಯೊಳಗ ಹಳೇ ಪದ್ಧತಿ, ಬ್ಯಾಡ ಅನ್ನೂದು ಕಡಿಮಿ. ನಾಲ್ಕು ಮಂದಿ ಅಂತ ಬರೀರಿ, ನಲವತ್ತಲ್ಲ. ನಲವತ್ತು ಮಂದಿನ್ನ ಯಾರೂ ಊಟಕ್ಕ ಕರಿಯೂದಿಲ್ಲ.

[ದೃಶ್ಯ: ಮರೀನಾ ಬೇ, ಮೂರು ಗೋಪುರದ ಮ್ಯಾಲಿನ ಹಡಗಿನಂಥಾ ಛಾವಣಿ.]

ಸಮ್ಮೇಳನದಾಗ 'ಹೌಸ್ ಆಫ್ ಫ್ರೆಂಡ್‌ಶಿಪ್' ಅಂತ ಮಳಿಗೆಗಳ ಜಾತ್ರಿ ಇರತೈತಿ. ಭಾಷಣಕ್ಕಿಂತ ಅಲ್ಲೇ ಹೊತ್ತು ಕಳೀರಿ. ಕ್ಲಬ್ಬಿನ ಸಣ್ಣ ಧ್ವಜ ಅದಲಾಬದಲಿ ಮಾಡ್ತಾರ, ಹತ್ತಾದ್ರೂ ಒಯ್ರಿ.

ನಮಗ ಮೇಲ್ ಉತ್ತರ ಕೊಟ್ಟವರು ರಿಟೈರಾದ ಗಂಡ-ಹೆಂಡತಿ. ಗುರ್ತಿಲ್ಲದ ಹಿರಿಯರಿಗೂ ಅಲ್ಲಿ ಅಂಕಲ್, ಆಂಟಿ ಅಂತಾರ, ನಮಗ ಸಲೀಸಾತು. ಅವರ ಮನಿ ತೋವಾ ಪಾಯೊದಾಗ, ಸರ್ಕಾರ ಕಟ್ಟಿದ ಫ್ಲ್ಯಾಟು. ಸಿಂಗಾಪುರದಾಗ ನೂರಕ್ಕ ಎಂಬತ್ತರ ಸನಿಹ ಮಂದಿ ಇಂಥಾ ಫ್ಲ್ಯಾಟಿನ್ಯಾಗ ಇರತಾರ. ಕೆಳಗಿನ ಅಂತಸ್ತು ಖಾಲಿ ಬಿಟ್ಟಿರತಾರ. ಮದುವಿ ಅಲ್ಲೇ, ಸತ್ತವರಿಗೆ ಪೆಂಡಾಲ್ ಹಾಕೂದೂ ಅಲ್ಲೇ. ಒಂದೊಂದು ಬ್ಲಾಕಿನ್ಯಾಗ ಚೀನೀ, ಮಲಯ, ಭಾರತೀಯ ಮೂಲದವರು ಎಷ್ಟೆಷ್ಟು ಇರಬೇಕಂತ 1989ರಿಂದ ಮಿತಿ ಐತಿ. ಅಂಕಲ್ ಇದನ್ನ ಹೊಗಳಿದ್ರು. ಮನಿ ಮಾರೂ ಮುಂದ ಇದರಿಂದ ತ್ರಾಸಾಗತೈತಿ ಅಂತ ಆಂಟಿ ನಡುವ ಬಾಯಿ ಹಾಕಿದ್ರು. ಇಂಥಾ ಮಾತು ಟೂರ್ ಬಸ್ಸಿನ ಗೈಡ್ ಹೇಳೂದಿಲ್ಲ ನೋಡ್ರಿ.

ಆಂಟಿಗೆ ಕಸೂತಿಯ ಟೇಬಲ್ ಬಟ್ಟಿ ಕೊಟ್ವಿ. ಗವಂತಿ ಹೊಲಿಗಿ, ಗಂಟಿಲ್ಲ, ಎರಡೂ ಕಡೆ ಒಂದ ಥರ. ಹೊಳ್ಳಿಸಿ ಹೊಳ್ಳಿಸಿ ನೋಡಿ, "ಉಲ್ಟಾ ಯಾವ್ದು?" ಅಂತ ಕೇಳಿದ್ರು. ಪೇಡೆ ಒಯ್ದಿದ್ರ ಅಷ್ಟು ಮಾತು ಬೆಳಿತಿರಲಿಲ್ಲ.

[ದೃಶ್ಯ: ಹಾಕರ್ ಸೆಂಟರ್. ಖಾಲಿ ಟೇಬಲ್ ಮ್ಯಾಲ ಟಿಶ್ಯೂ ಪಾಕೀಟು.]

ಮರುದಿನ ಹಾಕರ್ ಸೆಂಟರಿಗೆ ಕರ್ಕೊಂಡು ಹೋದ್ರು. ಅಗ್ಗದ ಊಟದ ಅಂಗಡಿ ಸಾಲು; ಈ ಊಟದ ಸಂಸ್ಕೃತಿ 2020ಕ್ಕ ಯುನೆಸ್ಕೊದ ಪರಂಪರೆ ಪಟ್ಟಿ ಸೇರೇತಿ. ಖಾಲಿ ಟೇಬಲ್ ಮ್ಯಾಲ ಯಾರೋ ಟಿಶ್ಯೂ ಪಾಕೀಟು ಮರ್ತು ಹೋಗ್ಯಾರ ಅಂತ ಬದಿಗೆ ಸರಿಸಿ ಕುಂತೆ. ಒಬ್ಬ ಹೆಣ್ಣಮಗಳು ತಾಟು ಹಿಡಕೊಂಡು ಬಂದು ನನ್ನ ಮುಂದ ಸುಮ್ನ ನಿಂತ್ಲು. ಅಂಕಲ್ ನಕ್ಕು ಎಬ್ಬಿಸಿದ್ರು. ಪಾಕೀಟು ಇಟ್ರ ಜಾಗ ಹಿಡದಂಗಂತ, ಅದಕ್ಕ 'ಚೋಪ್' ಅಂತಾರ. ನಾ ನಮ್ಮ ಬಸ್ಸಿನ ಕರವಸ್ತ್ರದ ಕಥಿ ಹೇಳಿದೆ. ಅಂಕಲ್ ಎರಡು ಸಲ ಹೇಳಿಸಿಕೊಂಡ್ರು.

ಊಟದ್ದೊಂದು ಮಾತು. "ಮಾಂಸ ತಿನ್ನೂದಿಲ್ಲ" ಅಂದ್ರ ಸಾಕಾಗೂದಿಲ್ಲ. ಟೋಸ್ಟಿಗೆ ಹಚ್ಚೂ ಕಾಯಾ ಜಾಮಿನ್ಯಾಗ ತತ್ತಿ, ಖಾರದ ಚಟ್ನಿಯಾಗ ಒಣಾ ಸೀಗಡಿ ಇರತಾವ. ಬಿಡಿಸಿ ಹೇಳ್ರಿ. ಉಂಡ ತಾಟು ನೀವ ತಿರುಗಿ ಇಡಬೇಕು, ಇಲ್ಲಾಂದ್ರ ದಂಡ ಬೀಳಬಹುದು.

[ದೃಶ್ಯ: ಲಕ್ಕುಂಡಿ, ಕಾಶಿವಿಶ್ವೇಶ್ವರ ಗುಡಿ.]

ಅಂಕಲ್-ಆಂಟಿ ಈಗ ನಮ್ಮ ಕಡೆ ಬರಾಕತ್ತಾರ. ಲಕ್ಕುಂಡಿ ತೋರಸ್ತೀನಿ ಅಂದೆ, ಕಾರ್ ಹೇಳ್ಲೇನು ಅಂತ ಕೇಳ್ದೆ. ಬ್ಯಾಡ, ಗದಗ ಬಸ್ಸಿಗೇ ಹೋಗೂಣು, ಸೀಟು ನಾನ ಹಿಡೀತೀನಿ ಅಂದಾರ ಅಂಕಲ್.